ಯಂತ್ರಕ್ಕೊಂದು ಟೀಕು

ಟೀಕಾಕಾರರ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಪಕ್ಷಪಾತವುಂಟು. ಕವಿಗಳಿಗೆ ಜಯಂತಿಗಳಾಗುತ್ತವೆ, ಪ್ರತಿಮೆಗಳೇಳುತ್ತವೆ. ಅವರ ಒಂದೊಂದು ಪದ್ಯದ ಕೆಳಗೂ ಕುಳಿತು, 'ಇಲ್ಲಿ ಕರ್ತೃಪದ ಅಧ್ಯಾಹಾರ', 'ಇದು ರೂಪದಲ್ಲಿ ಷಷ್ಠಿಯಾದರೂ ಅರ್ಥದಲ್ಲಿ ತೃತೀಯೆ' ಎಂದು ಬರೆದಿಟ್ಟುಹೋದ ಮಹಾನುಭಾವನ ಹೆಸರನ್ನು ಪರೀಕ್ಷೆಗೆ ಓದುವ ಹುಡುಗರೂ ನೆನಪಿಡುವುದಿಲ್ಲ. ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳಿಕೊಂಡು ಬಂದಿರುವ ನನಗೆ ಆ ಋಣ ಎಷ್ಟೆಂಬುದು ಗೊತ್ತು. ಆದರೆ ಟೀಕು ಬರೆಯುವ ಕಸಬು ತಾಳೆಗರಿಯ ಕಾಲಕ್ಕೇ ಮುಗಿದುಹೋಗಲಿಲ್ಲ, ಯಾರ ಕಣ್ಣಿಗೂ ಬೀಳದೆ ಕಂಪ್ಯೂಟರಿನ ಹೊಟ್ಟೆಯೊಳಗೆ ಇಂದಿಗೂ ಭರದಿಂದ ಸಾಗುತ್ತಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗಿ ಅಕ್ಕನ ಮಗಳ ಮನೆಯಲ್ಲಿ ಹತ್ತು ದಿನ ಉಳಿದುಕೊಂಡಾಗಲೇ ಅದು ತಿಳಿದದ್ದು.

ಹುಡುಗಿಯದು ಕೆಟ್ಟುನಿಂತ ಪ್ರೋಗ್ರಾಮುಗಳಿಗೆ ಕಾರಣ ಹುಡುಕುವ ಉದ್ಯೋಗ. ನಾನು ಹಗಲೆಲ್ಲ ಉತ್ತರಪತ್ರಿಕೆ ತಿದ್ದಿ ಬರುವ ಹೊತ್ತಿಗೆ ಅವಳೂ ತನ್ನ ಪಾಲಿನ ಉತ್ತರಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿರುತ್ತಿದ್ದಳು. ಆಸ್ಪತ್ರೆಗಳಲ್ಲಿ ರಕ್ತ ಪರೀಕ್ಷಿಸುವ ಯಂತ್ರವೊಂದು ಕೆಲಸದ ನಡುವೆ ಆಗಾಗ ನಿಂತುಬಿಡುತ್ತಿತ್ತಂತೆ. ಅದರ ಮುಖ್ಯಭಾಗವನ್ನು ಬರೆದಿದ್ದ ಹಿರಿಯರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಅವರ ಮೂಲಪಾಠ ಯಾವ ಡಿಸ್ಕಿನ ಜೊತೆ ಹೋಯಿತೋ, ಕಚೇರಿಯವರ ಕೈಗೆ ಸಿಕ್ಕಿರಲಿಲ್ಲ. ಯಂತ್ರಭಾಷೆಗೆ ಇಳಿಸಿದ ಪ್ರತಿ ಮಾತ್ರ ಉಳಿದಿತ್ತು. ಪ್ರೋಗ್ರಾಂ ಬಿದ್ದುಹೋದ ಕ್ಷಣದಲ್ಲಿ ಅದರ ನೆನಪಿನಲ್ಲಿ ಏನೇನಿತ್ತೋ ಅದನ್ನೆಲ್ಲ ಹಾಗೆಯೇ ತೆಗೆದಿಟ್ಟುಕೊಳ್ಳುವ ಪದ್ಧತಿಯಿದೆ. ಅದಕ್ಕೆ ಕೋರ್ ಫೈಲು ಎನ್ನುತ್ತಾರೆ. ಕಚೇರಿಯವರು ತಾವೇ ಮಾಡಿಕೊಂಡಿದ್ದ ಒಂದು ಸಣ್ಣ ಸಲಕರಣೆಯಿಂದ ಅದನ್ನು ಓದಿದಾಗ, ಒಂದು ಫಂಕ್ಷನ್ನಿನ ವಿಳಾಸವಿರಬೇಕಾದ ಜಾಗದಲ್ಲಿ ೧೭ ಎಂಬ ಅಂಕಿ ಕಂಡಿತು. ೧೭ನೆಯ ನಂಬರಿನಲ್ಲಿ ಯಾವ ಫಂಕ್ಷನ್ನೂ ವಾಸವಾಗಿರುವುದಿಲ್ಲ. 'ನೆನಪಿನಲ್ಲಿರುವ ಕೋಷ್ಟಕ ಕೆಟ್ಟಿದೆ; ಮೊದಲು ಬರೆದವರ ತಪ್ಪು' ಎಂದು ಷರಾ ಬರೆದು ಕಡತ ಮುಚ್ಚುವುದರಲ್ಲಿದ್ದರು. ತೀರಿಕೊಂಡವರ ಮೇಲೆ ತಪ್ಪು ಹೊರಿಸುವುದರಲ್ಲಿ ಒಂದು ಅನುಕೂಲವುಂಟು. ಅವರು ಸಮಜಾಯಿಷಿ ಬರೆದು ಕಳಿಸುವುದಿಲ್ಲ.

ಈ ೧೭ರ ಕಥೆಯನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ಓದುಗರು ಗಾಬರಿಯಾಗಬೇಕಾದ್ದಿಲ್ಲ. ಲೆಕ್ಕದಲ್ಲಿ ನಾನು ಎಸ್.ಎಸ್.ಎಲ್.ಸಿ.ಯಾಚೆಗೆ ಹೋದವಳಲ್ಲ, ನನಗೆ ತಿಳಿದದ್ದು ಯಾರಿಗೂ ತಿಳಿದೀತು.

ಮನುಷ್ಯರು ಪ್ರೋಗ್ರಾಂ ಬರೆಯುವುದು ಹೆಸರುಗಳಿಂದ. 'ತೊಳೆ', 'ಹೀರು', 'ಬೆರೆಸು', 'ಅಳೆ' ಎಂದು ಒಂದೊಂದು ಕೆಲಸಕ್ಕೂ ಹೆಸರಿಟ್ಟು ಅದರ ವಿಧಾನವನ್ನು ಕೆಳಗೆ ಬರೆಯುತ್ತಾರೆ. ಇದೇ ಫಂಕ್ಷನ್. ಕಂಪೈಲರ್ ಎಂಬ ಭಾಷಾಂತರಕಾರ ಇದನ್ನು ಯಂತ್ರಭಾಷೆಗೆ ತಿರುಗಿಸುವಾಗ ಹೆಸರುಗಳನ್ನೆಲ್ಲ ಹೊಟ್ಟಿನಂತೆ ತೂರಿಬಿಡುತ್ತಾನೆ. ಯಂತ್ರಕ್ಕೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ. ನೆನಪಿನ ಬೀದಿಯಲ್ಲಿ ಎಷ್ಟನೆಯ ನಂಬರಿನ ಮನೆ ಎಂದು ಗೊತ್ತಾದರೆ ಸಾಕು. ಹೀಗೆ ಹೆಸರು ಕಳೆದುಕೊಂಡ ಪಾಠ ನಾಳೆ ಕೈಕೊಟ್ಟರೆ ಮನುಷ್ಯನ ಗತಿಯೇನು? ಅದಕ್ಕಾಗಿ, ಮೊದಲೇ ಹೇಳಿಟ್ಟರೆ, ಅದೇ ಭಾಷಾಂತರಕಾರ ಪಕ್ಕದಲ್ಲೊಂದು ಟೀಕನ್ನೂ ಬರೆದಿಡುತ್ತಾನೆ: ಇಂಥ ನಂಬರಿನಲ್ಲಿರುವುದು ಇಂಥ ಹೆಸರಿನ ಫಂಕ್ಷನ್, ಇದು ಮೂಲದ ಇಂಥ ಸಾಲು, ಇಲ್ಲಿರುವ ಎಂಟು ಬೈಟು ಸೇರಿ ಒಂದು ಅಂಕಿ. ಡಿಬಗ್ ಮಾಹಿತಿ ಎನ್ನುವುದು ಇದನ್ನೇ. ಡಿಬಗ್ಗರ್ ಎಂಬುದು ಈ ಟೀಕನ್ನು ಇಟ್ಟುಕೊಂಡು ಮೂಲವನ್ನು ಓದಿ ಹೇಳುವ ಪಂಡಿತ. ಟೀಕು ಮೂಲಕ್ಕಿಂತ ದಪ್ಪವಾಗುವುದು ನಮ್ಮಲ್ಲಿದ್ದಂತೆ ಅಲ್ಲಿಯೂ ವಾಡಿಕೆ.

ಈ ಟೀಕು ಬರೆಯುವುದಕ್ಕೆ ಒಂದು ಶಾಸ್ತ್ರವೂ ಇದೆ; ಅದರ ಹೆಸರು ಡ್ವಾರ್ಫ್. ೧೯೮೦ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಬ್ರಯಾನ್ ರಸೆಲ್ ಎಂಬವರು ಯೂನಿಕ್ಸ್ ವ್ಯವಸ್ಥೆಗಾಗಿ ಇದಕ್ಕೆ ಮೊದಲ ರೂಪ ಕೊಟ್ಟರು. ಯಂತ್ರಪಾಠವನ್ನು ಕಟ್ಟಿಡುವ ಫೈಲಿನ ರೂಪಕ್ಕೆ ಎಲ್ಫ್ ಎಂದು ಹೆಸರಿತ್ತು. ಎಲ್ಫ್ ಎಂದರೆ ಪಾಶ್ಚಾತ್ಯರ ಅಡಗೂಲಜ್ಜಿ ಕಥೆಯ ಒಬ್ಬ ಕಿನ್ನರ. ಕಿನ್ನರನಿದ್ದಲ್ಲಿ ಕುಳ್ಳನೂ ಇರಲಿ ಎಂದು ಇದಕ್ಕೆ ಡ್ವಾರ್ಫ್ ಎಂದರು. ಅಕ್ಷರಗಳಿಗೆ ಸರಿಹೊಂದುವ ಗಂಭೀರವಾದ ವಿಸ್ತರಣೆಯನ್ನು ಆಮೇಲೆ ಹುಡುಕಿದ್ದಂತೆ. ೧೯೯೨ರಲ್ಲಿ ಮೊದಲನೆಯ ಪಾಠ ಹೊರಬಂತು, ಐದನೆಯದು ೨೦೧೭ರಲ್ಲಿ.

ನಮ್ಮ ಯಂತ್ರದ ಪ್ರೋಗ್ರಾಂ ಇದ್ದದ್ದು ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ. ಡೆನ್ಮಾರ್ಕಿನವರಾದ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅದೇ ಬೆಲ್ ಲ್ಯಾಬ್ಸಿನಲ್ಲಿ ೧೯೭೯ರಲ್ಲಿ ಇದನ್ನು ಕಟ್ಟಲು ತೊಡಗಿದರು. ಈಗಿನ ಹೆಸರು ಬಂದದ್ದು ೧೯೮೩ರಲ್ಲಿ. ನಾರ್ವೆಯಲ್ಲಿ ಹುಟ್ಟಿದ್ದ ಸಿಮುಲಾ ಎಂಬ ಭಾಷೆಯಿಂದ ಅವರು 'ಕ್ಲಾಸ್' ಎಂಬ ಕಲ್ಪನೆಯನ್ನು ತಂದುಕೊಂಡರು. ಕ್ಲಾಸ್ ಎಂದರೆ ಕುಲವೆನ್ನಬಹುದು. ಆ ಕುಲದಲ್ಲಿ ಹುಟ್ಟಿದ ಒಂದೊಂದು ಆಬ್ಜೆಕ್ಟಿಗೂ ತನ್ನದೇ ಆಸ್ತಿ ಇರುತ್ತದೆ. ಕುಲಾಚಾರ ಮಾತ್ರ ಎಲ್ಲರಿಗೂ ಸಮಾನ. ಆ ಕುಲಾಚಾರಗಳೇ ಮೆಂಬರ್ ಫಂಕ್ಷನ್ನುಗಳು, ಅಂದರೆ ಒಂದು ಕುಲಕ್ಕೆ ಸೇರಿದ ಫಂಕ್ಷನ್ನುಗಳು. 'ಬೆರೆಸು' ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಯಾರು ಬೆರೆಸಬೇಕು ಎಂಬುದೂ ಬೇಕು.

ಇಲ್ಲಿಯೇ ನನ್ನ ಕಿವಿ ನೆಟ್ಟಗಾದದ್ದು. ಮೂಲದಲ್ಲಿ 'ಬೆರೆಸು' ಎಂಬ ಫಂಕ್ಷನ್ನಿನ ಮುಂದಿನ ಆವರಣ ಬರಿದಾಗಿರುತ್ತದೆ. ಯಾರು ಎಂಬುದನ್ನು ಅಲ್ಲಿ ಬರೆಯುವುದಿಲ್ಲ. ಟೀಕಿನಲ್ಲಾದರೋ ಅದಕ್ಕೆ ಒಂದು ಅಂಶ ಕಾಣಿಸುತ್ತದೆ, ಪಕ್ಕದಲ್ಲಿ 'ಇದು ಕೃತಕ' ಎಂಬ ಗುರುತಿನೊಡನೆ. ಆ ಅಂಶವೇ ಕೆಲಸ ಮಾಡುವ ಆಬ್ಜೆಕ್ಟಿನ ವಿಳಾಸ.

"ಇದು ಎಲ್ಲಿಂದ ಬಂತೇ?" ಎಂದೆ.

"ಅದು ಯಾವಾಗಲೂ ಇರತ್ತೆ ಚಿಕ್ಕಮ್ಮ. ಬರೆಯೋರು ಬರೆಯಲ್ಲ, ಕಂಪೈಲರ್ ಸೇರಿಸ್ಕೊಳ್ಳತ್ತೆ. ಅದಕ್ಕೇ ಕೃತಕ ಅಂತ ಹಾಕಿರೋದು."

ನಾನು ಇಷ್ಟು ವರ್ಷ ಕರಿಹಲಗೆಯ ಮೇಲೆ ಬರೆದದ್ದು ಬೇರೆ ಏನು! 'ಬಂದೆ' ಎಂದರೆ ಸಾಕು, 'ನಾನು' ಎಂದು ಕನ್ನಡದವನು ಬಾಯಿಬಿಟ್ಟು ಹೇಳುವುದಿಲ್ಲ. ಕ್ರಿಯಾಪದದ ಬಾಲದಲ್ಲಿಯೇ ಅವನು ಅಡಗಿ ಕೂತಿರುತ್ತಾನೆ. ಟೀಕಾಕಾರ ಮಾತ್ರ '(ನಾನು) ಬಂದೆ' ಎಂದು ಆವರಣ ಹಾಕಿ ಬರೆಯುತ್ತಾನೆ. ಆವರಣ ಬಹಳ ಮುಖ್ಯ. ಅದಿಲ್ಲದಿದ್ದರೆ ಕವಿ ಹೇಳಿದ್ದು ಯಾವುದು, ತಾನು ತುಂಬಿದ್ದು ಯಾವುದು ಎಂಬ ವಿವೇಕ ಹೋಗಿಬಿಡುತ್ತದೆ. ಯಂತ್ರದ ಟೀಕಾಕಾರ ಈ ವಿಷಯದಲ್ಲಿ ನಮ್ಮ ಎಷ್ಟೋ ಗೈಡುಗಳಿಗಿಂತ ಪ್ರಾಮಾಣಿಕ. ಅಧ್ಯಾಹಾರವನ್ನು ಅಧ್ಯಾಹಾರವೆಂದೇ ಒಪ್ಪಿ ಬರೆಯುತ್ತಾನೆ.

ಈಗ ೧೭ಕ್ಕೆ ಬರೋಣ. ಫಂಕ್ಷನ್ನನ್ನು ಈಗಲೇ ಕರೆಯದೆ, ಮುಂದೆ ಕರೆಯುವುದಕ್ಕೆಂದು ಅದರ ವಿಳಾಸವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದುಂಟು; ಅಂಥ ಚೀಟಿಯೇ ಪಾಯಿಂಟರ್. ರಕ್ತದ ಯಂತ್ರದಲ್ಲಿ ಯಾವ ಪರೀಕ್ಷೆಗೆ ಯಾವ ಹೆಜ್ಜೆ ಯಾವಾಗ ಎಂಬುದಕ್ಕೆ ಇಂಥ ಚೀಟಿಗಳ ಕೋಷ್ಟಕವಿತ್ತು. ಸಾಮಾನ್ಯ ಫಂಕ್ಷನ್ನಾದರೆ ಚೀಟಿಯಲ್ಲಿ ಮನೆ ನಂಬರು ಒಂದೇ ಸಾಕು, ಎಂಟು ಬೈಟು. ಮೆಂಬರ್ ಫಂಕ್ಷನ್ನಿನ ಚೀಟಿಗೆ ಹದಿನಾರು ಬೈಟು ಬೇಕು. ಎರಡು ಅಂಕಿಗಳ ಜೋಡಿ ಅದು. ಯಾಕೆ ಎರಡು ಎಂದರೆ, ಅದರಲ್ಲಿ ಎರಡು ತೊಡಕುಗಳಿವೆ.

ಒಂದನೆಯದು ದಾಯಭಾಗದ ತೊಡಕು. ಸಿ ಪ್ಲಸ್ ಪ್ಲಸ್ಸಿನಲ್ಲಿ ಒಂದು ಕುಲ ಎರಡು ಕುಲಗಳಿಂದ ಹುಟ್ಟಬಹುದು. ಆಗ ಮಗುವಿನ ಆಬ್ಜೆಕ್ಟಿನೊಳಗೆ ತಂದೆಯ ಭಾಗ ಮೊದಲು, ತಾಯಿಯ ಭಾಗ ಆಮೇಲೆ, ಹೀಗೆ ವಠಾರದ ಮನೆಗಳಂತೆ ಸಾಲಾಗಿ ಕೂರುತ್ತವೆ. ತಾಯಿಯ ಕಡೆಯಿಂದ ಬಂದ ಆಚಾರವನ್ನು ನಡೆಸಬೇಕಾದರೆ ವಠಾರದ ಹೆಬ್ಬಾಗಿಲಲ್ಲಿ ನಿಂತು ಕೂಗಿದರೆ ಆಗದು. ಇಂತಿಷ್ಟು ಹೆಜ್ಜೆ ಒಳಗೆ ನಡೆದು ಅವಳ ಬಾಗಿಲನ್ನೇ ತಟ್ಟಬೇಕು. ಜೋಡಿಯ ಎರಡನೆಯ ಅಂಕಿ ಈ ಹೆಜ್ಜೆಗಳ ಲೆಕ್ಕ. ನಮ್ಮ ಯಂತ್ರದಲ್ಲಿ ಅದು ಸೊನ್ನೆ, ತೊಂದರೆಯಿರಲಿಲ್ಲ.

ಎರಡನೆಯ ತೊಡಕೇ ರಸವತ್ತಾದದ್ದು. ಒಂದು ಕುಲಾಚಾರವನ್ನು ಮಕ್ಕಳು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದೆಂದು ಮೂಲದಲ್ಲಿಯೇ ಬಿಟ್ಟುಕೊಟ್ಟಿರುವುದುಂಟು. ಇದಕ್ಕೆ ವರ್ಚುಯಲ್ ಎನ್ನುತ್ತಾರೆ. ಯಂತ್ರದ ಹಳೆಯ ಮಾದರಿ ಬೆರೆಸುವ ಬಗೆ ಒಂದು, ಹೊಸ ಮಾದರಿಯದು ಇನ್ನೊಂದು. ಹಾಗಿರುವಾಗ ಚೀಟಿಯಲ್ಲಿ ಯಾವ ವಿಳಾಸವನ್ನು ಬರೆಯುವುದು? ಆಬ್ಜೆಕ್ಟ್ ಕಣ್ಣಮುಂದೆ ಬಂದು ನಿಲ್ಲುವ ತನಕ ಯಾರ ಆಚಾರವೆಂದು ಗೊತ್ತಾಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಕುಲದವರೂ ತಮ್ಮ ತಮ್ಮ ಆಚಾರಗಳ ವಿಳಾಸಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾರೆ. ಆಬ್ಜೆಕ್ಟಿನ ಮೊದಲ ಎಂಟು ಬೈಟುಗಳಲ್ಲಿ ಆ ಪಟ್ಟಿ ಎಲ್ಲಿದೆ ಎಂಬುದಿರುತ್ತದೆ. ಚೀಟಿಯಲ್ಲಿ ಬರೆಯುವುದು ಇಷ್ಟೇ: 'ಬಂದವರ ಪಟ್ಟಿಯನ್ನು ತೆಗೆದು ಮೂರನೆಯದನ್ನು ನೋಡಿ.' ಒಂದೊಂದಕ್ಕೆ ಎಂಟೆಂಟು ಬೈಟಿನಂತೆ ಮೂರನೆಯದು ಹದಿನಾರು ಬೈಟು ದಾಟಿದ ಮೇಲೆ ಸಿಗುತ್ತದೆ.

ಸರಿ, ಚೀಟಿಯಲ್ಲಿರುವುದು ಮನೆ ನಂಬರೋ ಪಟ್ಟಿಯ ಸ್ಥಾನವೋ ಎಂದು ಓದುವವನಿಗೆ ಗೊತ್ತಾಗುವುದು ಹೇಗೆ? ಯಾರೋ ಪುಣ್ಯಾತ್ಮ ಗಮನಿಸಿದ: ಈ ಬೀದಿಯಲ್ಲಿ ಫಂಕ್ಷನ್ನುಗಳ ಮನೆಗಳೆಲ್ಲ ಸಮಸಂಖ್ಯೆಯವು, ಬೆಸಸಂಖ್ಯೆ ವ್ಯರ್ಥವಾಗಿ ಬಿದ್ದಿದೆ. ಸ್ಥಾನಕ್ಕೆ ಒಂದು ಕೂಡಿಸಿ ಬೆಸ ಮಾಡಿಬಿಟ್ಟರೆ ಅದೇ ಗುರುತಾಯಿತು! ಹದಿನಾರಕ್ಕೆ ಒಂದು ಸೇರಿದರೆ ಹದಿನೇಳು. ಗರಿಯ ಅಂಚಿನಲ್ಲಿ ಉಳಿದ ಚೂರು ಜಾಗದಲ್ಲಿ ಗುರುತು ಕೊರೆಯುವ ಲಿಪಿಕಾರನ ಜಿಪುಣತನ ಇದು; ಜಾಣತನವೂ ಹೌದು. ಇನ್ನೊಂದು ಲಾಭವೂ ಇದರಲ್ಲಿದೆ. ಸೊನ್ನೆ ಎಂದು ಬರೆದಿದ್ದರೆ 'ಚೀಟಿ ಖಾಲಿ' ಎಂದು ಅರ್ಥ. ಪಟ್ಟಿಯಲ್ಲಿ ಮೊದಲನೆಯದರ ಸ್ಥಾನವೂ ಸೊನ್ನೆಯೇ. ಆದರೆ ಒಂದು ಕೂಡಿಸಿರುವುದರಿಂದ ಗೊಂದಲವಿಲ್ಲ.

ಹುಡುಗಿ ಕಚೇರಿಯ ಸಲಕರಣೆಯನ್ನು ಬದಿಗಿಟ್ಟು ಕೋಷ್ಟಕವನ್ನು ಪೂರ್ತಿಯಾಗಿ ತೆರೆದಳು. ೧, ೯, ೧೭, ೨೫. ನೆನಪು ಕೆಟ್ಟರೆ ಇಷ್ಟೊಂದು ಛಂದೋಬದ್ಧವಾಗಿ ಕೆಡುವುದುಂಟೇ? ರಗಳೆಯ ಗಣಗಳಂತೆ ಎಂಟೆಂಟರ ಅಂತರ! ಆಮೇಲೆ ಜಿ.ಡಿ.ಬಿ. ಎಂಬ ಡಿಬಗ್ಗರಿಗೆ ಅದೇ ಕಡತವನ್ನು ಕೊಟ್ಟಳು. ರಿಚರ್ಡ್ ಸ್ಟಾಲ್ಮನ್ ೧೯೮೬ರಲ್ಲಿ ಬರೆಯಲು ಹಿಡಿದ ಪಂಡಿತ ಅದು. ಈ ಬೆಸದ ಗುಟ್ಟನ್ನು ಬಲ್ಲದ್ದು. ೧೭ ಎನ್ನಲಿಲ್ಲ. 'ವರ್ಚುಯಲ್' ಎಂದು ಮುಂದೆ ಸೇರಿಸಿ 'ಬೆರೆಸು' ಎಂಬ ಹೆಸರನ್ನೇ ಹೇಳಿತು.

ಇದೇ ಟೀಕನ್ನು ಓದಿ ಕಚೇರಿಯ ಸಲಕರಣೆ ಏಕೆ ತಪ್ಪಿತು ಎಂಬುದು ನನ್ನ ಪ್ರಶ್ನೆಯಾಗಿತ್ತು. ಉತ್ತರ ಕೇಳಿ ನನಗೆ ತರಗತಿಯಲ್ಲಿಯೇ ಕೂತಂತಾಯಿತು. ಈ ಲೋಕದಲ್ಲಿ ಇಬ್ಬರು ದೊಡ್ಡ ಟೀಕಾಕಾರರಿದ್ದಾರೆ, ಜಿ.ಸಿ.ಸಿ. ಮತ್ತು ಕ್ಲ್ಯಾಂಗ್. ಜಿ.ಸಿ.ಸಿ. ಬರೆಯುವುದು ಪ್ರತಿಪದಾರ್ಥ. 'ಇಲ್ಲಿ ಎರಡು ಅಂಗಗಳಿರುವ ಒಂದು ರಚನೆ ಇದೆ, ಮೊದಲನೆಯದು ಪಿ.ಎಫ್.ಎನ್., ಎರಡನೆಯದು ಡೆಲ್ಟಾ' ಎಂದು ಬಿಡಿಸಿ ಹೇಳುತ್ತದೆ. ಇದೆಲ್ಲ ಸೇರಿ ಮೆಂಬರ್ ಫಂಕ್ಷನ್ನಿನ ಚೀಟಿ ಎಂಬ ಮುಖ್ಯ ಮಾತನ್ನೇ ಹೇಳುವುದಿಲ್ಲ. ಕ್ಲ್ಯಾಂಗ್ ಬರೆಯುವುದು ತಾತ್ಪರ್ಯ. 'ಇದು ಇಂಥ ಕುಲದ, ಇಂಥ ಬಗೆಯ ಮೆಂಬರ್ ಫಂಕ್ಷನ್ನಿಗೆ ಪಾಯಿಂಟರ್' ಎಂದು ಶಾಸ್ತ್ರದಲ್ಲಿ ಅದಕ್ಕೆಂದೇ ಇರುವ ಪರಿಭಾಷೆಯಲ್ಲಿ ಹೇಳಿ ಮುಗಿಸುತ್ತದೆ. ಒಳಗೆ ಎರಡು ಅಂಕಿಗಳಿವೆಯೆಂದಾಗಲಿ, ಯಾವುದು ಏನೆಂದಾಗಲಿ ಬಾಯಿಬಿಡುವುದಿಲ್ಲ. ಒಬ್ಬನಲ್ಲಿ ಪದಗಳಿವೆ, ಅರ್ಥವಿಲ್ಲ. ಇನ್ನೊಬ್ಬನಲ್ಲಿ ಅರ್ಥವಿದೆ, ಪದವಿಭಾಗವಿಲ್ಲ. ನನ್ನ ಉತ್ತರಪತ್ರಿಕೆಗಳಲ್ಲಿ ಇಬ್ಬರೂ ದಿನವೂ ಸಿಗುತ್ತಿದ್ದರು. ಇಬ್ಬರಿಗೂ ಅರ್ಧರ್ಧ ಅಂಕ.

ಬೆಸವಾದರೆ ವರ್ಚುಯಲ್ ಎಂಬ ನಿಯಮವನ್ನಂತೂ ಇಬ್ಬರೂ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದು ಬಿಟ್ಟಿದ್ದಾರೆ. ಪಿ.ಎಫ್.ಎನ್., ಡೆಲ್ಟಾ ಎಂಬ ಹೆಸರುಗಳನ್ನು ಜಿ.ಡಿ.ಬಿ. ಕಂಡೊಡನೆ, 'ಓ, ಇವರು ನಮ್ಮವರು' ಎಂದು ಗುರುತು ಹಿಡಿದು ಒಳಗೊಳಗೇ ಅರ್ಥವನ್ನು ಸರಿಮಾಡಿಕೊಳ್ಳುತ್ತದೆ. ಕಚೇರಿಯ ಬಡಪಾಯಿ ಸಲಕರಣೆಗೆ ಗುರುಮುಖೇನ ಪಾಠವಾಗಿರಲಿಲ್ಲ, ಪಿ.ಎಫ್.ಎನ್. ಎಂದರೆ ವಿಳಾಸ ಎಂದು ನಿಘಂಟು ನೋಡಿ ಅರ್ಥಮಾಡಿಕೊಂಡಿತು. ನಿಘಂಟೊಂದನ್ನೇ ನಂಬಿ ಹಳಗನ್ನಡ ಓದುವವರ ಪಾಡೂ ಇದೇ.

ಬರೆಯದೆ ಬಿಟ್ಟ ಆ ನಿಯಮ ಇರುವುದು ಬೇರೊಂದು ಗ್ರಂಥದಲ್ಲಿ. ಕಂಪೈಲರುಗಳು ತಮ್ಮತಮ್ಮಲ್ಲಿ ಮಾಡಿಕೊಂಡ ಒಡಂಬಡಿಕೆ ಅದು. ಹೆಸರು ಇಟೇನಿಯಂ ಎ.ಬಿ.ಐ. ಇಟೇನಿಯಂ ಎಂಬುದು ಇಂಟೆಲ್ ಕಂಪೆನಿ ೨೦೦೧ರಲ್ಲಿ ಹೊರತಂದ ಒಂದು ಪ್ರೊಸೆಸರು. ಅದಕ್ಕಾಗಿ ಹುಟ್ಟಿದ ಒಡಂಬಡಿಕೆ ಉಳಿದವರಿಗೂ ಹಿಡಿಸಿತು. ಪ್ರೊಸೆಸರು ಮಾತ್ರ ಏಳಿಗೆಯಾಗಲಿಲ್ಲ; ೨೦೨೧ರಲ್ಲಿ ಅದರ ಸರಬರಾಜೂ ನಿಂತಿತು. ತಾತ ಹೋದ ಮೇಲೂ ಮನೆತನಕ್ಕೆ ತಾತನ ಹೆಸರೇ ನಡೆಯುವಂತೆ, ಲಿನಕ್ಸ್ ಓಡುವ ಯಂತ್ರಗಳ ಸಿ ಪ್ಲಸ್ ಪ್ಲಸ್ ಇಂದಿಗೂ ಇಟೇನಿಯಂ ಆಚಾರದ್ದೇ.

ಅದರಲ್ಲಿಯೂ ಶಾಖಾಭೇದವುಂಟು, ಚಾಂದ್ರಮಾನದವರ ಯುಗಾದಿ ಒಂದು ದಿನ, ಸೌರಮಾನದವರದು ಇನ್ನೊಂದು ದಿನ ಎಂಬ ಹಾಗೆ. ಮೊಬೈಲ್ ಫೋನುಗಳಲ್ಲಿರುವ ಆರ್ಮ್ ಪ್ರೊಸೆಸರಿನವರು ಬೆಸ ವಿಳಾಸವನ್ನು ಆಗಲೇ ಬೇರೆ ಕೆಲಸಕ್ಕೆ ಹಚ್ಚಿಬಿಟ್ಟಿದ್ದರು. ಅಲ್ಲಿ ವಿಳಾಸ ಬೆಸವಾಗಿದ್ದರೆ 'ಈ ಫಂಕ್ಷನ್ ಥಂಬ್ ಎಂಬ ಚಿಕ್ಕ ಯಂತ್ರಭಾಷೆಯಲ್ಲಿದೆ' ಎಂದು ಅರ್ಥ. ಹಾಗಾಗಿ ಅವರು ವರ್ಚುಯಲ್ಲಿನ ಗುರುತನ್ನು ಎರಡನೆಯ ಅಂಕಿಗೆ ವರ್ಗಾಯಿಸಿ, ಹೆಜ್ಜೆಯ ಲೆಕ್ಕವನ್ನು ಇಮ್ಮಡಿಸಿ ಅದಕ್ಕೆ ಒಂದು ಕೂಡಿಸುತ್ತಾರೆ. ನಮ್ಮ ಯಂತ್ರದಲ್ಲಿ ೧೭, ೦ ಎಂದಿದ್ದ ಜೋಡಿ ಅಲ್ಲಿ ೧೬, ೧ ಎಂದಾಗುತ್ತದೆ. ಮೈಕ್ರೋಸಾಫ್ಟಿನವರದು ಬೇರೆ ಮಠವೇ ಸರಿ. ಅವರ ೩೨ ಬಿಟ್ಟಿನ ಲೋಕದಲ್ಲಿ ಈ ಚೀಟಿಯ ಅಳತೆ, ಕುಲದ ವಂಶಾವಳಿ ಎಷ್ಟು ಸಿಕ್ಕುಸಿಕ್ಕಾಗಿದೆ ಎಂಬುದನ್ನು ಅನುಸರಿಸಿ, ೪, ೮, ೧೨, ೧೬ ಬೈಟು ಎಂದು ಬೆಳೆಯುತ್ತ ಹೋಗುತ್ತದೆ. ಅದಕ್ಕೇ ಅವರ ಟೀಕಿನಲ್ಲಿ ಯಾವ ಬಗೆಯ ವಂಶ ಎಂಬುದನ್ನೂ ನಮೂದಿಸುತ್ತಾರಂತೆ. ಆ ಒಂದು ವಿಷಯದಲ್ಲಿ ಅವರು ಓದುಗನ ಮೇಲೆ ಹೆಚ್ಚು ಕರುಣೆಯುಳ್ಳವರು.

ಎಂ.ಎ. ತರಗತಿಯಲ್ಲಿ ನಾವು ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದುತ್ತಿದ್ದಾಗ ಮೇಷ್ಟ್ರು ಪದೇಪದೇ ಒತ್ತಿಹೇಳಿದ ಒಂದು ಸೂತ್ರ ನೆನಪಿದೆ: ನಿನಗೆ ಅರ್ಥವಾಗಲಿಲ್ಲ ಎಂಬ ಕಾರಣಕ್ಕೆ ಪಾಠವನ್ನು ಅಪಪಾಠವೆನ್ನಬೇಡ, ಕಷ್ಟವಾದ ಪಾಠವೇ ಎಷ್ಟೋ ಸಲ ಕವಿಯದು, ಸುಲಭವಾದದ್ದು ನಡುವೆ ಬಂದ ಲಿಪಿಕಾರನದು. ಇದನ್ನು ನಾನು ಹುಡುಗಿಗೆ ಹೇಳಿದಾಗ ಅವಳು, "ನಮ್ಮ ಮ್ಯಾನೇಜರಿಗೂ ಒಂದ್ಸಲ ಪಾಠ ಹೇಳು ಬಾ ಚಿಕ್ಕಮ್ಮ" ಎಂದು ನಕ್ಕಳು. ಆದರೆ ಅವಳು ಮಾಡಿದ್ದು ಅದನ್ನೇ. ೧೭ ಸರಿಯಾದ ಪಾಠವಾದರೆ ತಪ್ಪು ಬೇರೆ ಕಡೆ ಇರಬೇಕು. ಚೀಟಿಯನ್ನು ಬಿಟ್ಟು, ಚೀಟಿ ಹಿಡಿದು ಬಂದ ಆಬ್ಜೆಕ್ಟನ್ನು ನೋಡಿದಳು. ಅದರ ಮೊದಲ ಎಂಟು ಬೈಟುಗಳಲ್ಲಿ ಪಟ್ಟಿಯ ವಿಳಾಸವಿರಬೇಕಿತ್ತು. ಯಾವುದೋ ರೋಗಿಯ ಮಾದರಿಯ ಸಂಖ್ಯೆ ಇತ್ತು. ಆ ಆಬ್ಜೆಕ್ಟನ್ನು ಮೊದಲೇ ಕೆಡವಿ, ಆ ಜಾಗವನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟಾಗಿತ್ತು. ಕೆಡವಿದ್ದು ಹಿರಿಯರು ಬರೆದ ಭಾಗವಲ್ಲ. ಅವರ ಕಾಲವಾದ ಮೇಲೆ ಸೇರಿಸಿದ ಹೊಸ ಭಾಗ. ಅದರ ಮೂಲಪಾಠ ಕಚೇರಿಯಲ್ಲಿಯೇ ಇತ್ತು. ಎರಡು ಸಾಲು ಹಿಂದುಮುಂದಾಗಿದ್ದವು.

ರಾತ್ರಿ ಹನ್ನೊಂದಾಗಿತ್ತು. ವರದಿ ಬರೆಯುವಾಗ ಟೀಕಿನ ಮೊದಲ ಪುಟವನ್ನು ಅವಳು ನನಗೆ ತೋರಿಸಿದಳು. ಯಾವ ಕಂಪೈಲರಿನ ಎಷ್ಟನೆಯ ಆವೃತ್ತಿ ಎಂಬುದೂ, ಯಾವ ಫೋಲ್ಡರಿನಲ್ಲಿ ಕುಳಿತು ಭಾಷಾಂತರ ಮಾಡಿದ್ದು ಎಂಬುದೂ ಅಲ್ಲಿ ದಾಖಲಾಗಿರುತ್ತದೆ. ನಮ್ಮ ಪ್ರತಿಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ಸಂವತ್ಸರ ಬರೆಯುತ್ತಾನಲ್ಲ, ಹಾಗೆ. ಫೋಲ್ಡರಿನ ಹೆಸರುಗಳ ಸಾಲಿನ ನಡುವೆ ಆ ಹ���ರಿಯರ ಹೆಸರು ಸಣ್ಣಕ್ಷರದಲ್ಲಿ ಹಾಗೇ ಇತ್ತು. ತಮ್ಮ ಸ್ವಂತ ಕಂಪ್ಯೂಟರಿನಲ್ಲಿ ಕಟ್ಟಿದ್ದರೆಂದು ಕಾಣುತ್ತದೆ. 'ಕೋಷ್ಟಕ ಸರಿಯಿದೆ' ಎಂಬ ವಾಕ್ಯವನ್ನು ವರದಿಯ ಮೊದಲಿಗೇ ಹಾಕು ಎಂದು ಮಾತ್ರ ನಾನು ಹೇಳಿದೆ. ಅವಳು ಅದನ್ನು ಮೊದಲೇ ಬರೆದಾಗಿತ್ತು.